ವಿಮಾನದಲ್ಲಿ ಕುಡಿದು ಗಲಾಟೆ ಮಾಡಿದರೆ ಸಿಬ್ಬಂದಿ ಏನು ಮಾಡಬಹುದು, ಏನು ಮಾಡಲೇಬೇಕು

2022ರ ನವೆಂಬರ್ 26. ನ್ಯೂಯಾರ್ಕ್‌ನಿಂದ ದೆಹಲಿಗೆ ಬರುತ್ತಿದ್ದ ಏರ್ ಇಂಡಿಯಾದ ಎಐ-102 ವಿಮಾನ. ಬಿಸಿನೆಸ್ ಕ್ಲಾಸಿನಲ್ಲಿ ಊಟ ಮುಗಿದಿತ್ತು, ದೀಪ ಮಂಕು ಮಾಡಿದ್ದರು. ಆಗ ಕುಡಿದ ಪ್ರಯಾಣಿಕನೊಬ್ಬ ವಯಸ್ಸಾದ ಮಹಿಳೆಯೊಬ್ಬರ ಸೀಟಿನ ಹತ್ತಿರ ಬಂದು ಅವರ ಮೇಲೆ ಮೂತ್ರ ಮಾಡಿದ ಎಂಬುದು ದೂರು. ಆರೋಪಿ ಕೋರ್ಟಿನಲ್ಲಿ ಇದನ್ನು ನಿರಾಕರಿಸಿದ್ದಾನೆ. ಅದರ ತೀರ್ಮಾನ ಕೋರ್ಟಿಗೆ ಬಿಟ್ಟದ್ದು. ನಾನಿಲ್ಲಿ ಹೇಳಹೊರಟಿರುವುದು ಆಮೇಲೆ ವಿಮಾನದೊಳಗೆ ನಡೆದದ್ದರ ಬಗ್ಗೆ.

ಆ ಮಹಿಳೆ ಮಾರನೇ ದಿನವೇ ಕಂಪನಿಯ ಅಧ್ಯಕ್ಷರಿಗೆ ಪತ್ರ ಬರೆದರು. ಬಟ್ಟೆ, ಬೂಟು, ಬ್ಯಾಗು ಎಲ್ಲ ಒದ್ದೆಯಾಗಿದ್ದವು. ಸಿಬ್ಬಂದಿ ಪೈಜಾಮ, ಚಪ್ಪಲಿ ಕೊಟ್ಟರು. ಟಾಯ್ಲೆಟ್ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದಾಯಿತು, ಆಮೇಲೆ ಸಿಬ್ಬಂದಿ ಕೂರುವ ಕಿರಿದಾದ ಸೀಟಿನಲ್ಲಿ ಕೂರಿಸಿದರು. ಕೊನೆಗೆ ಅದೇ ಸೀಟಿಗೆ ಬಟ್ಟೆ ಹಾಸಿ, ವಾಪಸ್ ಹೋಗಿ ಎಂದರು. ‘ಅವನ ಮುಖ ನೋಡಲು ನನಗೆ ಇಷ್ಟವಿಲ್ಲ’ ಎಂದು ಹೇಳಿದ್ದರೂ ಆತನನ್ನು ಎದುರಿಗೇ ಕರೆತಂದು ಕೂರಿಸಿದರು. ಆತ ಅತ್ತು ಕ್ಷಮೆ ಕೇಳಿದ. ಇದೆಲ್ಲ ಪತ್ರದಲ್ಲಿರುವ ಮಾತು.

ವಿಮಾನ ದೆಹಲಿಯಲ್ಲಿ ಇಳಿಯಿತು. ಎಲ್ಲರೂ ಮನೆಗೆ ಹೋದರು. ಆತನೂ ಹೋದ. ಕಂಪನಿ ಪೊಲೀಸರಿಗೆ ದೂರು ಕೊಟ್ಟದ್ದು ಡಿಸೆಂಬರ್ 28ಕ್ಕೆ. ಎಫ್ಐಆರ್ ಆದದ್ದು 2023ರ ಜನವರಿ 4ಕ್ಕೆ. ಅದಾಗಿ ಎರಡು ಮೂರು ದಿನಕ್ಕೆ ದೆಹಲಿ ಪೊಲೀಸರು ಆತನನ್ನು ಹಿಡಿದದ್ದು ನಮ್ಮ ಬೆಂಗಳೂರಿನಲ್ಲಿ. ಜನವರಿ 20ಕ್ಕೆ ವಿಮಾನಯಾನ ನಿಯಂತ್ರಕ ಡಿಜಿಸಿಎ ಏರ್ ಇಂಡಿಯಾಕ್ಕೆ 30 ಲಕ್ಷ ರೂಪಾಯಿ ದಂಡ ಹಾಕಿತು. ವಿಮಾನದೊಳಗಿನ ಸೇವೆಯ ಮುಖ್ಯಸ್ಥರಿಗೆ 3 ಲಕ್ಷ. ಪೈಲಟ್‌ನ ಲೈಸೆನ್ಸ್ ಮೂರು ತಿಂಗಳು ಅಮಾನತು.

ಇದನ್ನು ಓದಿದ ತುಂಬಾ ಜನ ಕೇಳಿದ್ದು ಒಂದೇ ಪ್ರಶ್ನೆ. ಕುಡಿದು ತಪ್ಪು ಮಾಡಿದವನು ಯಾರೋ, ಪೈಲಟ್‌ಗೆ ಯಾಕೆ ಶಿಕ್ಷೆ? ಪೈಲಟ್‌ಗಳ ಸಂಘಗಳೂ ಇದನ್ನೇ ಕೇಳಿದವು. ಉತ್ತರ ಸಿಗಬೇಕಾದರೆ ವಿಮಾನದಲ್ಲಿ ಇಂಥ ಗಲಾಟೆಯನ್ನು ಹೇಗೆ ನಿಭಾಯಿಸಬೇಕು ಅಂತ ಮೊದಲಿಂದ ನೋಡಬೇಕು. ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ: ನಿಯಮ ಆಗಲೂ ಇತ್ತು, ಚೆನ್ನಾಗಿಯೇ ಇತ್ತು. ಸಿಬ್ಬಂದಿ ಅದನ್ನು ಇಬ್ಬರು ಪ್ರಯಾಣಿಕರ ಜಗಳ ಅಂದುಕೊಂಡು ಪಂಚಾಯಿತಿ ಮಾಡಲು ಹೋದರು. ಎಡವಿದ್ದು ಅಲ್ಲಿ.

ಮೊದಲು ದೇಹದ ವಿಷಯ. ‘ಮೇಲೆ ಹೋದರೆ ಒಂದು ಪೆಗ್ಗು ಎರಡು ಪೆಗ್ಗಿಗೆ ಸಮ’ ಅಂತ ಒಂದು ಮಾತಿದೆ. ಅದು ಪೂರ್ತಿ ನಿಜವಲ್ಲ. ಅದೇ ಪ್ರಮಾಣದ ಮದ್ಯ ಕುಡಿದರೆ ರಕ್ತದಲ್ಲಿ ಸೇರುವ ಆಲ್ಕೋಹಾಲ್ ಆಕಾಶದಲ್ಲಿ ದುಪ್ಪಟ್ಟೇನೂ ಆಗುವುದಿಲ್ಲ. ಬದಲಾಗುವುದು ಗಾಳಿ. ವಿಮಾನ 35 ಸಾವಿರ ಅಡಿಯಲ್ಲಿ ಹಾರುತ್ತಿದ್ದರೂ ಒಳಗಿನ ಗಾಳಿಯ ಒತ್ತಡವನ್ನು ಸುಮಾರು 6,000ದಿಂದ 8,000 ಅಡಿ ಎತ್ತರದಲ್ಲಿ ಇರುವಷ್ಟಕ್ಕೆ ಇಟ್ಟಿರುತ್ತಾರೆ. ಅಂದರೆ ಮುಳ್ಳಯ್ಯನಗಿರಿಯ ತುದಿಯಲ್ಲೋ, ಅದಕ್ಕಿಂತ ಇನ್ನೂ ಮೇಲೆಯೋ ಹತ್ತು ಹನ್ನೆರಡು ಗಂಟೆ ಕೂತು ಕುಡಿದಂತೆ. ರಕ್ತಕ್ಕೆ ಸಿಗುವ ಆಮ್ಲಜನಕವೇ ಸ್ವಲ್ಪ ಕಡಿಮೆ. ಆಮ್ಲಜನಕ ಕಡಿಮೆಯಾದಾಗಲೂ ತಲೆ ಹಗುರ, ಮಂಪರು, ಸುಸ್ತು. ಅಮಲಿನ ಲಕ್ಷಣವೂ ಅದೇ. ಎರಡೂ ಸೇರಿದರೆ ಕುಡಿದವನಿಗೆ ತಾನು ಎಲ್ಲಿಗೆ ಮುಟ್ಟಿದ್ದೇನೆ ಅನ್ನುವ ಅಂದಾಜು ತಪ್ಪುತ್ತದೆ.

2024ರಲ್ಲಿ ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಡಿಎಲ್‌ಆರ್‌ನ ಸಂಶೋಧಕರು ಇದರ ಒಂದು ಮುಖವನ್ನು ಅಳೆದು ತೋರಿಸಿದರು. ಆರೋಗ್ಯವಂತ ಯುವಕ ಯುವತಿಯರಿಗೆ ಎರಡು ಕ್ಯಾನ್ ಬಿಯರ್‌ನಷ್ಟು ಆಲ್ಕೋಹಾಲ್ ಕೊಟ್ಟು, ವಿಮಾನದೊಳಗಿನ ಒತ್ತಡವಿರುವ ಕೋಣೆಯಲ್ಲಿ ಮಲಗಿಸಿದರು. ನಿದ್ದೆಯಲ್ಲಿ ಅವರ ರಕ್ತದ ಆಮ್ಲಜನಕ ಶೇಕಡಾ 85ರ ಆಸುಪಾಸಿಗೆ ಇಳಿಯಿತು. ಹೃದಯ ಬಡಿತ ನಿಮಿಷಕ್ಕೆ 88ರ ಹತ್ತಿರ ಹೋಯಿತು. ಕೋವಿಡ್ ಕಾಲದಲ್ಲಿ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು ಕೂತವರಿಗೆ 85 ಅಂದರೆ ಏನು ಅಂತ ಬೇರೆ ಹೇಳಬೇಕಾಗಿಲ್ಲ. ಕುಡಿದು ಮಲಗಿದ್ದಾನೆ, ತೊಂದರೆ ತಪ್ಪಿತು ಅಂತ ಸಿಬ್ಬಂದಿ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಆಗಾಗ ಹೋಗಿ ಉಸಿರಾಟ ನೋಡಬೇಕು.

ಇದರ ಜೊತೆಗೆ ಖಾಲಿ ಹೊಟ್ಟೆ, ನಿದ್ದೆಗೆಟ್ಟ ಕಣ್ಣು, ವಿಮಾನ ಹತ್ತಲು ಭಯ, ಆ ಭಯಕ್ಕೆ ಅಂತ ನುಂಗಿದ ಮಾತ್ರೆ. ನಿದ್ದೆ ಮಾತ್ರೆಯ ಮೇಲೆ ವಿಸ್ಕಿ ಬಿದ್ದರೆ ಮನುಷ್ಯ ಎದ್ದು ಓಡಾಡಿದರೂ ಏನು ಮಾಡುತ್ತಿದ್ದೇನೆ ಅನ್ನುವ ಪರಿವೆ ಇಲ್ಲದೆ ಹೋಗಬಹುದು. ಇದು ಗುಂಡು ಹಾಕಿ ಜಗಳಕ್ಕೆ ನಿಲ್ಲುವವನಿಗಿಂತ ಕಷ್ಟದ ಕೇಸು. ಜಗಳ ಮಾಡುವವನಿಗೆ ಮಾತಾದರೂ ಕೇಳಿಸುತ್ತದೆ.

ಎಣ್ಣೆ ಬರುವುದಾದರೂ ಎಲ್ಲಿಂದ? ಭಾರತದ ದೇಶೀಯ ವಿಮಾನಗಳಲ್ಲಿ ಮದ್ಯ ಕೊಡುವುದಿಲ್ಲ. ಬೆಂಗಳೂರಿನಿಂದ ದೆಹಲಿಗೆ ಹೋಗುವವರಿಗೆ ನೀರು, ಜ್ಯೂಸು, ಕಾಫಿ ಅಷ್ಟೆ. ಆದರೂ ದೇಶೀಯ ವಿಮಾನಗಳಲ್ಲೇ ಕುಡಿದು ಗಲಾಟೆ ಮಾಡಿದ ಸುದ್ದಿ ಬರುತ್ತಲೇ ಇರುತ್ತದೆ. ಅವರು ಕುಡಿದೇ ಹತ್ತಿರುತ್ತಾರೆ. ಏರ್‌ಪೋರ್ಟ್ ಬಾರು, ಲೌಂಜು, ಬರುವ ದಾರಿಯಲ್ಲಿ ಕಾರಿನಲ್ಲೇ ಮುಗಿಸಿದ ಕ್ವಾರ್ಟರು. ವಿಮಾನ ತಡವಾದಷ್ಟೂ ಬಾರಿನ ವ್ಯಾಪಾರ ಜಾಸ್ತಿ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಇನ್ನೊಂದು ದಾರಿ ಡ್ಯೂಟಿ ಫ್ರೀ. ಸೀಲ್ ಮಾಡಿದ ಚೀಲದಲ್ಲಿ ಕೊಂಡ ಬಾಟಲಿಯನ್ನು ಸೀಟಿನ ಕೆಳಗೆ ಬಿಚ್ಚಿ ಕೋಕಿಗೆ ಬೆರೆಸಿಕೊಳ್ಳುವವರು ಇದ್ದಾರೆ. ಅಮೆರಿಕದಲ್ಲಿ ಇದು ನೇರ ಕಾನೂನು ಉಲ್ಲಂಘನೆ: ವಿಮಾನ ಸಂಸ್ಥೆಯವರು ಬಡಿಸಿದ್ದನ್ನು ಬಿಟ್ಟು ಬೇರೆ ಯಾವ ಮದ್ಯವನ್ನೂ ಒಳಗೆ ಕುಡಿಯುವಂತಿಲ್ಲ. ನಿಯಮದ ಹಿಂದಿನ ಲೆಕ್ಕ ಸರಳ. ತಾನು ಕೊಟ್ಟ ಪೆಗ್ಗುಗಳನ್ನು ಸಿಬ್ಬಂದಿ ಎಣಿಸಬಲ್ಲರು. ಕದ್ದು ಕುಡಿದದ್ದನ್ನು ಎಣಿಸಲಾಗುವುದಿಲ್ಲ.

ಹಾಗಾಗಿ ಸಿಬ್ಬಂದಿಯ ಮೊದಲ ಕೆಲಸ ಬಾಗಿಲಲ್ಲೇ ಶುರು. ‘ನಮಸ್ಕಾರ, ವೆಲ್‌ಕಮ್’ ಅಂತ ಕೈಮುಗಿದು ನಿಂತಿರುತ್ತಾರಲ್ಲ, ಅದು ಬರೀ ಮರ್ಯಾದೆಯ ಮಾತಲ್ಲ. ಹತ್ತುವವರ ನಡಿಗೆ, ಕಣ್ಣು, ಮಾತಿನ ತೊದಲು, ವಾಸನೆ ಎಲ್ಲವನ್ನೂ ಆ ಎರಡು ಸೆಕೆಂಡಿನಲ್ಲಿ ನೋಡುತ್ತಾರೆ. ಅನುಮಾನ ಬಂದರೆ ಕ್ಯಾಪ್ಟನ್‌ಗೆ ತಿಳಿಸಿ ಇಳಿಸಬಹುದು. ಅವರ ಭಾಷೆಯಲ್ಲಿ ‘ಆಫ್‌ಲೋಡ್’. ನೆಲದ ಮೇಲೆ ಇದಕ್ಕೆ ತಗಲುವುದು ಅರ್ಧ ಗಂಟೆ, ಒಂದಿಷ್ಟು ಬೈಗುಳ, ಬ್ಯಾಗು ಹುಡುಕಿ ಇಳಿಸುವ ತಲೆನೋವು. ಮೇಲೆ ಹೋದ ಮೇಲೆ ಇಳಿಸಲು ಲಕ್ಷಗಟ್ಟಲೆ ರೂಪಾಯಿ ಬೇಕು. ಆದರೆ ಸಮಯಕ್ಕೆ ಸರಿಯಾಗಿ ಹೊರಡಬೇಕು ಅನ್ನುವ ಒತ್ತಡ ಎಲ್ಲ ಸಂಸ್ಥೆಗಳಲ್ಲೂ ಇದೆ. ‘ಸುಮ್ನೆ ಕೂತಿದ್ದಾನೆ, ಮಲಗಿಬಿಡ್ತಾನೆ ಬಿಡಿ’ ಅಂತ ಬಿಟ್ಟುಬಿಡುವ ಆಸೆ ಆಗುವುದು ಆಗಲೇ.

ಮೇಲೆ ಹೋದ ಮೇಲೆ ಎರಡನೇ ಕೆಲಸ: ಯಾವಾಗ ಗ್ಲಾಸು ನಿಲ್ಲಿಸಬೇಕು. ಎಐ-102 ಪ್ರಕರಣ ಆದ ಮೇಲೆ, 2023ರ ಜನವರಿಯಲ್ಲಿ, ಏರ್ ಇಂಡಿಯಾ ತನ್ನ ಮದ್ಯ ನೀತಿಯನ್ನು ತಿದ್ದಿತು. ಅದರಲ್ಲಿ ಅಮೆರಿಕದ ಹೋಟೆಲ್ ಉದ್ಯಮದವರು ಬಳಸುವ ಟ್ರಾಫಿಕ್ ಲೈಟ್ ಪದ್ಧತಿ ಇದೆ. ಹಸಿರು ಅಂದರೆ ನಗುತ್ತಾ, ನಿಧಾನಕ್ಕೆ ಕುಡಿಯುತ್ತಿರುವವನು. ಹಳದಿ ಅಂದರೆ ದನಿ ಏರಿದೆ, ಗ್ಲಾಸು ಬೇಗ ಬೇಗ ಖಾಲಿಯಾಗುತ್ತಿದೆ, ಪಕ್ಕದವರ ಜೊತೆ ಅತಿಯಾದ ಸಲಿಗೆ. ಕೆಂಪು ಅಂದರೆ ತೊದಲು, ತೂರಾಟ, ಸಿಟ್ಟು. ಕೆಂಪಿಗೆ ಬಂದವನಿಗೆ ಮದ್ಯ ಕೊಡಬಾರದು ಅನ್ನುವುದು ಯಾರಿಗಾದರೂ ಗೊತ್ತು. ಪದ್ಧತಿಯ ಕಸುಬು ಇರುವುದು ಹಳದಿಯಲ್ಲಿ. ಅವನಿಗೆ ಇನ್ನೂ ಮಾತು ಅರ್ಥವಾಗುತ್ತದೆ. ಆಗ ನೀರು ಕೊಡು, ಊಟ ಕೊಡು, ಮುಂದಿನ ಗ್ಲಾಸನ್ನು ನಿಧಾನ ಮಾಡು.

ಆ ನೀತಿಯಲ್ಲಿದ್ದ ಕೆಲವು ಸೂಚನೆಗಳು ಪತ್ರಿಕೆಗಳಲ್ಲಿ ಬಂದಿದ್ದವು. ನನಗೆ ಅವು ತುಂಬಾ ಹಿಡಿಸಿದವು, ಏಕೆಂದರೆ ಬಾರ್ ನಡೆಸುವವರಿಗೂ ಮದುವೆ ಮನೆಯಲ್ಲಿ ಭಾವಂದಿರನ್ನು ಸಂಭಾಳಿಸುವವರಿಗೂ ಉಪಯೋಗಕ್ಕೆ ಬರುತ್ತವೆ. ಪ್ರಯಾಣಿಕನಿಗೆ ‘ನೀವು ಕುಡಿದಿದ್ದೀರಿ’ ಅನ್ನಬೇಡಿ, ‘ಈ ವರ್ತನೆ ಸರಿಯಲ್ಲ’ ಅನ್ನಿ. ದನಿ ಏರಿಸಬೇಡಿ, ಅವನು ಏರಿಸಿದರೆ ನೀವು ಇಳಿಸಿ. ‘ಇದೊಂದೇ ಲಾಸ್ಟು’ ಅಂದರೆ ಕರಗಬೇಡಿ. ಇಲ್ಲ ಅನ್ನುವುದನ್ನು ಮುಂದಕ್ಕೆ ಹಾಕಬೇಡಿ.

ಕೊನೆಯದು ಹೇಳಿದಷ್ಟು ಸುಲಭವಲ್ಲ. ನಮ್ಮಲ್ಲಿ ಇಲ್ಲ ಅನ್ನುವುದಕ್ಕಿಂತ ‘ಆಮೇಲೆ ನೋಡೋಣ ಸರ್’ ಅನ್ನುವುದು ರೂಢಿ. ಮನೆಗೆ ಸಾಲ ಕೇಳಲು ಬಂದವರಿಗೂ ಹಾಗೇ ಹೇಳುತ್ತೇವೆ. ವಿಮಾನದಲ್ಲಿ ‘ಆಮೇಲೆ’ ಅಂದರೆ ಅವನು ಹತ್ತು ನಿಮಿಷಕ್ಕೊಮ್ಮೆ ಗುಂಡಿ ಒತ್ತುತ್ತಾನೆ. ಒಬ್ಬಳು ಇಲ್ಲ ಅಂದರೆ ಹಿಂದಿನ ಗ್ಯಾಲಿಗೆ, ಅಂದರೆ ಊಟ ತಿಂಡಿ ಸಿದ್ಧಮಾಡುವ ಜಾಗಕ್ಕೆ, ಹೋಗಿ ಇನ್ನೊಬ್ಬಳನ್ನು ಕೇಳುತ್ತಾನೆ. ಅದಕ್ಕೇ ನಿಲ್ಲಿಸಿದ ತಕ್ಷಣ ಆ ಸೀಟ್ ನಂಬರನ್ನು ಇಡೀ ಸಿಬ್ಬಂದಿಗೆ ತಿಳಿಸಬೇಕು. ‘ಸರ್, ಇನ್ನು ಮುಂದೆ ನಿಮಗೆ ಡ್ರಿಂಕ್ಸ್ ಕೊಡಲಾಗುವುದಿಲ್ಲ. ಕಾಫಿ ತರಲಾ, ಜ್ಯೂಸ್ ತರಲಾ?’ ಇಷ್ಟೇ ಮಾತು. ಕಾರಣದ ಮೇಲೆ ವಾದಕ್ಕೆ ನಿಂತರೆ ಕುಡಿದವನೇ ಗೆಲ್ಲುವುದು, ಅವನಿಗೆ ಬೇರೆ ಕೆಲಸ ಏನಿದೆ?

ಒಂದು ಲೆಕ್ಕ ನೆನಪಿರಲಿ. ಸಾಮಾನ್ಯವಾಗಿ 50 ಸೀಟಿಗೆ ಒಬ್ಬರಂತೆ ಸಿಬ್ಬಂದಿ ಇರಬೇಕು. 180 ಸೀಟಿನ ಎ320 ವಿಮಾನದಲ್ಲಿ ನಾಲ್ಕು ಜನ. ಅವರಲ್ಲಿ ಇಬ್ಬರು ಒಬ್ಬ ಕುಡುಕನ ಹಿಂದೆ ನಿಂತರೆ ಉಳಿದ 179 ಜನಕ್ಕೆ ಇಬ್ಬರೇ. ಯಾರಿಗಾದರೂ ಎದೆನೋವು ಬಂದರೆ, ಓವನ್ನಿನಲ್ಲಿ ಹೊಗೆ ಬಂದರೆ? ಸಿಬ್ಬಂದಿಯ ಮೂಲ ಕೆಲಸ ಊಟ ಬಡಿಸುವುದಲ್ಲ, ಆಪತ್ತಿನಲ್ಲಿ 90 ಸೆಕೆಂಡಿನಲ್ಲಿ ವಿಮಾನ ಖಾಲಿ ಮಾಡಿಸುವುದು. ಕುಡಿದವನ ರಗಳೆ ಬರೀ ಕಿರಿಕಿರಿಯಲ್ಲ, ಸುರಕ್ಷತೆಯ ಪ್ರಶ್ನೆ ಅನ್ನುವುದು ಈ ಲೆಕ್ಕದಿಂದಲೇ.

ಇಂಥವು ಎಷ್ಟು ನಡೆಯುತ್ತವೆ? ವಿಮಾನ ಸಂಸ್ಥೆಗಳ ಜಾಗತಿಕ ಒಕ್ಕೂಟ ಐಎಟಿಎ ಪ್ರಕಾರ 2021ರಲ್ಲಿ ಪ್ರತಿ 835 ಹಾರಾಟಕ್ಕೆ ಒಂದು ಗಲಾಟೆ ವರದಿಯಾಗಿತ್ತು. 2022ರಲ್ಲಿ ಪ್ರತಿ 568ಕ್ಕೆ ಒಂದು. 2023ರಲ್ಲಿ ಪ್ರತಿ 480ಕ್ಕೆ ಒಂದು. ಇದರಲ್ಲಿ ಎಲ್ಲವೂ ಕುಡಿತದ್ದಲ್ಲ. ಟಾಯ್ಲೆಟ್ಟಿನಲ್ಲಿ ಸಿಗರೇಟು, ವೇಪು, ಬೆಲ್ಟ್ ಹಾಕದಿರುವುದು, ಬೈಗುಳ ಎಲ್ಲ ಸೇರಿದೆ.

ಮಾತು ಸೋತಾಗ ವಿಷಯ ಕಾಕ್‌ಪಿಟ್‌ಗೆ ಹೋಗುತ್ತದೆ. ಇಲ್ಲಿ ಹೊರಗಿನವರಿಗೆ ಸುಲಭಕ್ಕೆ ಹೊಳೆಯದ ಒಂದು ತೊಡಕಿದೆ. ಕ್ಯಾಪ್ಟನ್ ವಿಮಾನದ ಸರ್ವಾಧಿಕಾರಿ ನಿಜ. ಆದರೆ 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕಾಕ್‌ಪಿಟ್‌ನ ಬಾಗಿಲು ಗುಂಡು ಹೊಡೆದರೂ ತೂರದ ಗಟ್ಟಿ ಬಾಗಿಲು, ಹಾರಾಟದುದ್ದಕ್ಕೂ ಬೀಗ. ಗಲಾಟೆ ಆದಾಗ ಪೈಲಟ್ ಎದ್ದು ಬಂದು ಬಿಡಿಸಕೂಡದು, ಅವರು ಒಳಗೇ ಇರಬೇಕು. ಗಲಾಟೆಯೇ ಬಾಗಿಲು ತೆಗೆಸುವ ತಂತ್ರವಾಗಿರಬಹುದಲ್ಲ! ಹಾಗಾಗಿ ಕ್ಯಾಪ್ಟನ್ ತೀರ್ಮಾನ ಮಾಡುವುದು ಇಂಟರ್‌ಫೋನಿನಲ್ಲಿ ಕ್ಯಾಬಿನ್ ಮೇಲ್ವಿಚಾರಕರು ಹೇಳಿದ್ದನ್ನು ಕೇಳಿಕೊಂಡು. ಅವರು ಅಳುಕಿ ‘ಈಗ ಪರವಾಗಿಲ್ಲ ಕ್ಯಾಪ್ಟನ್, ಸಾರಿ ಕೇಳಿದ್ದಾರೆ’ ಅಂದರೆ ಬಾಗಿಲ ಆಚೆ ಚಿತ್ರವೇ ಬೇರೆಯಾಗುತ್ತದೆ. ಪೈಲಟ್ ಸಂಘಗಳು ಸಿಟ್ಟಾದದ್ದರಲ್ಲಿ ಅರ್ಥವಿದೆ. ಹಾಗಂತ ಡಿಜಿಸಿಎ ಹೇಳಿದ್ದೂ ತಪ್ಪಲ್ಲ. ವಿಮಾನ ನಿಯಮ 141ರ ಪ್ರಕಾರ ಒಳಗಿನ ಶಿಸ್ತು, ಸುರಕ್ಷತೆಯ ಹೊಣೆ ಪೈಲಟ್-ಇನ್-ಕಮಾಂಡ್‌ನದು, ಅಂದರೆ ಕ್ಯಾಪ್ಟನ್‌ನದು. ಕೇಳಿದ್ದು ಸಾಲದಿದ್ದರೆ ಇನ್ನಷ್ಟು ಕೇಳಬೇಕಿತ್ತು.

ಕ್ಯಾಪ್ಟನ್ ಒಪ್ಪಿಗೆ ಕೊಟ್ಟರೆ ಪ್ರಯಾಣಿಕನನ್ನು ಕಟ್ಟಿಹಾಕಬಹುದು. ಹೌದು, ಕಟ್ಟಿಹಾಕುವುದೇ. ಮಾತು, ಸಮಾಧಾನ ಎಲ್ಲ ಮುಗಿದ ಮೇಲೆ ಇದನ್ನು ಬಳಸಿ ಅಂತ ಡಿಜಿಸಿಎ 2023ರ ಜನವರಿಯಲ್ಲಿ ಎಲ್ಲ ಸಂಸ್ಥೆಗಳಿಗೂ ಮತ್ತೆ ನೆನಪಿಸಿತು. ಸಾಮಾನ್ಯವಾಗಿ ಪ್ಲಾಸ್ಟಿಕ್ ಕೈಕೋಳ, ಸೀಟಿಗೆ ಬಿಗಿಯುವ ಪಟ್ಟಿ. ನಾಲ್ಕು ಜನರಿಂದ ಆಗದಿದ್ದರೆ ಗಟ್ಟಿಮುಟ್ಟಾದ ಪ್ರಯಾಣಿಕರ ಸಹಾಯ ಕೇಳುತ್ತಾರೆ. ವಿಮಾನದೊಳಗಿನ ಅಪರಾಧಗಳ ಬಗ್ಗೆ ದೇಶಗಳು ಮಾಡಿಕೊಂಡ 1963ರ ಟೋಕಿಯೋ ಒಪ್ಪಂದದಲ್ಲಿ ಇದಕ್ಕೆ ಸೊಗಸಾದ ಗೆರೆ ಎಳೆದಿದ್ದಾರೆ. ಕ್ಯಾಪ್ಟನ್ ಸಿಬ್ಬಂದಿಗೆ ಆಜ್ಞೆ ಮಾಡಬಹುದು. ಪ್ರಯಾಣಿಕರನ್ನು ಕೇಳಿಕೊಳ್ಳಬಹುದು, ಬಲವಂತ ಮಾಡುವಂತಿಲ್ಲ. ಒಪ್ಪಂದದ ಪ್ರಕಾರ ನಡೆದುಕೊಂಡಿದ್ದರೆ, ಆಮೇಲೆ ಆತ ‘ನನ್ನನ್ನು ಕಟ್ಟಿಹಾಕಿದರು’ ಅಂತ ಕೋರ್ಟಿಗೆ ಹೋದರೂ ಕ್ಯಾಪ್ಟನ್, ಸಿಬ್ಬಂದಿ, ಸಹಾಯ ಮಾಡಿದ ಪ್ರಯಾಣಿಕ ಯಾರ ಮೇಲೂ ಹೊಣೆ ಬರುವುದಿಲ್ಲ. ಕಟ್ಟಿದ ಮೇಲೂ ಒಬ್ಬರು ಹತ್ತಿರ ಇರಲೇಬೇಕು. ಬೋರಲು ಮಲಗಿಸಿ ಬೆನ್ನ ಮೇಲೆ ಕೂತರೆ ಕುಡಿದವನ ಉಸಿರು ಕಟ್ಟಬಹುದು. ವಾಂತಿ ಗಂಟಲಿಗೆ ಸಿಕ್ಕಿಕೊಳ್ಳಬಹುದು. ವಿಮಾನ ಖಾಲಿ ಮಾಡುವ ಸಂದರ್ಭ ಬಂದರೆ ಪಟ್ಟಿ ಕತ್ತರಿಸಲು ಸಾಧನ ಕೈಗೆಟುಕುವಂತಿರಬೇಕು.

ಎಲ್ಲರಿಗೂ ಹೆದರಿಕೆ ಹುಟ್ಟಿಸುವುದು ಬಾಗಿಲು. 2023ರ ಏಪ್ರಿಲ್ 7ರಂದು ದೆಹಲಿಯಿಂದ ಬೆಂಗಳೂರಿಗೆ ಬರುತ್ತಿದ್ದ ಇಂಡಿಗೋ ವಿಮಾನದಲ್ಲಿ ಕುಡಿದಿದ್ದ ಪ್ರಯಾಣಿಕನೊಬ್ಬ ತುರ್ತು ಬಾಗಿಲಿನ ಮುಚ್ಚಳ ತೆಗೆಯಲು ಹೋದ. ಸಿಬ್ಬಂದಿ ತಡೆದು ಕ್ಯಾಪ್ಟನ್‌ಗೆ ತಿಳಿಸಿದರು. ಬೆಂಗಳೂರಿನಲ್ಲಿ ಇಳಿದ ಕೂಡಲೇ ಏರ್‌ಪೋರ್ಟಿನ ಭದ್ರತೆ ನೋಡುವ ಸಿಐಎಸ್ಎಫ್‌ಗೆ ಒಪ್ಪಿಸಿದರು. ಅಷ್ಟು ಎತ್ತರದಲ್ಲಿ ಆ ಬಾಗಿಲು ತೆರೆಯುತ್ತಿರಲಿಲ್ಲ. ಒಳಗಿನ ಗಾಳಿ ಹೊರಗಿನದಕ್ಕಿಂತ ಎಷ್ಟು ಜೋರಾಗಿ ಒತ್ತುತ್ತದೆ ಅಂದರೆ ಬಾಗಿಲಿನ ಪ್ರತಿ ಚದರ ಮೀಟರಿಗೆ ಐದು ಟನ್ನಿಗೂ ಜಾಸ್ತಿ ಭಾರ. ಯಾವ ಪೈಲ್ವಾನನಿಗೂ ಎಳೆಯಲಾಗದು. ಆದರೆ ಕೆಳಗೆ ಬಂದಂತೆ ಈ ಒತ್ತಡ ಕಡಿಮೆಯಾಗುತ್ತದೆ. ಅದೇ ವರ್ಷ ಮೇ 26ರಂದು ದಕ್ಷಿಣ ಕೊರಿಯಾದ ದೇಗುವಿನಲ್ಲಿ ಇಳಿಯುತ್ತಿದ್ದ ಏಷಿಯಾನಾ ವಿಮಾನದ ಬಾಗಿಲನ್ನು ಪ್ರಯಾಣಿಕನೊಬ್ಬ ನೆಲದಿಂದ ಸುಮಾರು 700 ಅಡಿ ಮೇಲೆ ತೆರೆದೇಬಿಟ್ಟ. ಅವನು ಕುಡಿದಿದ್ದ ಅಂತಲ್ಲ, ಆದರೆ ಬಾಗಿಲು ತೆರೆಯಬಹುದು ಅನ್ನುವುದು ಗೊತ್ತಾಯಿತು. ಪುಣ್ಯಕ್ಕೆ ವಿಮಾನ ಸುರಕ್ಷಿತವಾಗಿ ಇಳಿಯಿತು. ಬಾಗಿಲ ಪಕ್ಕದ ಸೀಟಿನಲ್ಲಿ ಅಮಲಿನಲ್ಲಿದ್ದವರನ್ನು ಕೂರಿಸಬಾರದು ಅನ್ನುವ ನಿಯಮ ಸುಮ್ನೆ ಮಾಡಿದ್ದಲ್ಲ.

‘ಹತ್ತಿರದ ಏರ್‌ಪೋರ್ಟಿನಲ್ಲಿ ಇಳಿಸಿಬಿಡಬಹುದಲ್ವಾ?’ ಅಂತ ಕೇಳುತ್ತಾರೆ. ಇಳಿಸಬಹುದು. ಆದರೆ ಮೊದಲು ತೂಕ ನೋಡಬೇಕು. ಬೋಯಿಂಗ್ 777-300ಇಆರ್ ಗರಿಷ್ಠ 351 ಟನ್ ಹೊತ್ತು ಏರಬಲ್ಲದು, ಆದರೆ ಇಳಿಯುವಾಗ 251 ಟನ್ ದಾಟಬಾರದು. ಆ ನೂರು ಟನ್ ಹೆಚ್ಚುಕಮ್ಮಿ ಇಂಧನವೇ. ಹೊರಟ ಎರಡು ಗಂಟೆಗೇ ಇಳಿಯಬೇಕಾದರೆ ಆಕಾಶದಲ್ಲೇ ಇಂಧನ ಚೆಲ್ಲಬೇಕು. ಎ320ಯಂಥ ಚಿಕ್ಕ ವಿಮಾನಕ್ಕೆ ಚೆಲ್ಲುವ ವ್ಯವಸ್ಥೆಯೂ ಇಲ್ಲ, ಸುತ್ತು ಹೊಡೆದು ಸುಡಬೇಕು ಇಲ್ಲವೇ ಭಾರದಲ್ಲೇ ಇಳಿದು ಆಮೇಲೆ ಪರೀಕ್ಷೆ ಮಾಡಿಸಬೇಕು. ಅಷ್ಟರಲ್ಲಿ ಪೈಲಟ್‌ಗಳ ಡ್ಯೂಟಿ ಸಮಯ ಮುಗಿದರೆ ಇನ್ನೂರು ಮುನ್ನೂರು ಜನಕ್ಕೆ ಹೋಟೆಲ್ಲು, ಊಟ, ಕೈತಪ್ಪಿದ ಕನೆಕ್ಷನ್ ವಿಮಾನಗಳು. 2024ರ ಏಪ್ರಿಲ್ 9ರಂದು ಐರ್ಲೆಂಡಿನ ಡಬ್ಲಿನ್‌ನಿಂದ ಸ್ಪೇನಿನ ಲಾಂಜರೋಟೆ ದ್ವೀಪಕ್ಕೆ ಹೊರಟಿದ್ದ ರಯನ್‌ಏರ್ ವಿಮಾನವನ್ನು ಒಬ್ಬ ಪ್ರಯಾಣಿಕನ ಗಲಾಟೆಯಿಂದಾಗಿ ಪೋರ್ಚುಗಲ್‌ನ ಪೋರ್ಟೋದಲ್ಲಿ ಇಳಿಸಬೇಕಾಯಿತು. 160 ಜನ ರಾತ್ರಿ ಅಲ್ಲೇ ಕಳೆದರು. ಸಂಸ್ಥೆ ಆ ಪ್ರಯಾಣಿಕನ ಮೇಲೆ 15,000 ಯೂರೋ ಕೇಳಿ ಐರ್ಲೆಂಡಿನಲ್ಲಿ ದಾವೆ ಹೂಡಿತು. ಅದೇ ಸಂಸ್ಥೆಯ ಮುಖ್ಯಸ್ಥ ಮೈಕೆಲ್ ಓಲಿಯರಿ ಏರ್‌ಪೋರ್ಟ್ ಬಾರುಗಳಲ್ಲಿ ಒಬ್ಬರಿಗೆ ಎರಡೇ ಡ್ರಿಂಕ್ ಅಂತ ಮಿತಿ ಹಾಕಿ ಎಂದು ಕೇಳುತ್ತಿದ್ದಾರೆ. ವಿಮಾನದೊಳಗೆ ತಾವೇ ಮದ್ಯ ಮಾರುತ್ತಾರೆ ಅನ್ನುವುದೂ ನಿಜ ಬಿಡಿ.

ಇಳಿದ ಮೇಲೆ ಯಾರ ಕಾನೂನು? ಗ್ರೀನ್‌ಲ್ಯಾಂಡಿನ ಮೇಲೆ ಹಾರುವಾಗ ನಡೆದ ತಪ್ಪಿಗೆ ಯಾವ ಠಾಣೆಯಲ್ಲಿ ಕೇಸು? ಟೋಕಿಯೋ ಒಪ್ಪಂದದ ಉತ್ತರ: ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶದ್ದು. ಬಾಲದ ಹತ್ತಿರ ‘ವಿಟಿ’ ಎಂದು ಬರೆದಿದ್ದರೆ ಅದು ಭಾರತದ ವಿಮಾನ. ಎಲ್ಲೇ ಹಾರಲಿ, ಒಳಗೆ ನಮ್ಮ ಕಾನೂನು. ಭಾರತ 1975ರಲ್ಲಿ ಇದಕ್ಕಾಗಿ ಟೋಕಿಯೋ ಒಪ್ಪಂದದ ಕಾಯ್ದೆಯನ್ನೇ ತಂದಿತು. ತೊಂದರೆ ಬರುವುದು ವಿದೇಶಿ ವಿಮಾನ ಇನ್ನೊಂದು ದೇಶದಲ್ಲಿ ಇಳಿದಾಗ. ಸ್ಥಳೀಯ ಪೊಲೀಸರು ‘ಇದು ನಮ್ಮ ವ್ಯಾಪ್ತಿಯಲ್ಲ’ ಅಂತ ಬಿಟ್ಟು ಕಳಿಸಿದ ಪ್ರಸಂಗಗಳು ಎಷ್ಟೋ. ಅದಕ್ಕೇ 2014ರಲ್ಲಿ ಮಾಂಟ್ರಿಯಲ್‌ನಲ್ಲಿ ತಿದ್ದುಪಡಿ ಮಾಡಿ, ಇಳಿದ ದೇಶಕ್ಕೂ ಕೇಸು ನಡೆಸುವ ಅಧಿಕಾರ ಸೇರಿಸಿದರು. ಜಾರಿಗೆ ಬಂದದ್ದು 2020ರ ಜನವರಿ 1ಕ್ಕೆ. ಅದನ್ನು ಒಪ್ಪಿಕೊಂಡ ದೇಶಗಳಿಗೆ ಮಾತ್ರ ಅದು ಅನ್ವಯ.

ನಮ್ಮ ದೇಶದಲ್ಲಿ ಮುಖ್ಯ ನಿಯಮ 2017ರ ಸೆಪ್ಟೆಂಬರಿನದು. ಅದೇ ವರ್ಷ ಮಾರ್ಚಿನಲ್ಲಿ ಸಂಸದರೊಬ್ಬರು ಏರ್ ಇಂಡಿಯಾ ಅಧಿಕಾರಿಗೆ ಚಪ್ಪಲಿಯಿಂದ ಹೊಡೆದ ರಾದ್ಧಾಂತದ ನಂತರ ಡಿಜಿಸಿಎ ಇದನ್ನು ತಂದಿತು. ತಪ್ಪನ್ನು ಮೂರು ಹಂತ ಮಾಡಿದೆ. ಬೈಗುಳ, ಸನ್ನೆ, ಕುಡಿದು ರಂಪ ಮೊದಲ ಹಂತ, ಮೂರು ತಿಂಗಳ ತನಕ ನಿಷೇಧ. ತಳ್ಳುವುದು, ಹೊಡೆಯುವುದು, ಅಸಭ್ಯವಾಗಿ ಮುಟ್ಟುವುದು ಎರಡನೆಯದು, ಆರು ತಿಂಗಳ ತನಕ. ಜೀವಕ್ಕೆ ಅಪಾಯ, ವಿಮಾನದ ಯಂತ್ರಕ್ಕೆ ಹಾನಿ, ಕಾಕ್‌ಪಿಟ್‌ಗೆ ನುಗ್ಗುವುದು ಮೂರನೆಯದು, ಕನಿಷ್ಠ ಎರಡು ವರ್ಷ. ತೀರ್ಮಾನ ಮಾಡುವುದು ಸಂಸ್ಥೆಯೊಳಗಿನ ಸಮಿತಿ. ಅಧ್ಯಕ್ಷರು ನಿವೃತ್ತ ಜಿಲ್ಲಾ ನ್ಯಾಯಾಧೀಶರಾಗಿರಬೇಕು, ಒಬ್ಬ ಸದಸ್ಯರು ಬೇರೆ ವಿಮಾನ ಸಂಸ್ಥೆಯವರು. 30 ದಿನದಲ್ಲಿ ಮುಗಿಸಬೇಕು. ಮುಗಿಸದಿದ್ದರೆ ಆತ ಮತ್ತೆ ಹಾರಬಹುದು. ಎಐ-102 ಪ್ರಕರಣದಲ್ಲಿ ಸಮಿತಿ ಕೊಟ್ಟದ್ದು ನಾಲ್ಕು ತಿಂಗಳ ನಿಷೇಧ. ಇದರಲ್ಲಿ ದೊಡ್ಡ ಕಿಂಡಿ ಒಂದಿದೆ. ಒಂದು ಸಂಸ್ಥೆಯ ನಿಷೇಧವನ್ನು ಇನ್ನೊಂದು ಸಂಸ್ಥೆ ಪಾಲಿಸಲೇಬೇಕು ಅಂತೇನೂ ಆ ನಿಯಮದಲ್ಲಿಲ್ಲ. ಇಲ್ಲಿ ಹತ್ತಿಸದಿದ್ದರೆ ಪಕ್ಕದ ಕೌಂಟರಿಗೆ ಹೋದರಾಯಿತು!

ನಿಷೇಧ ಬೇರೆ, ಕ್ರಿಮಿನಲ್ ಕೇಸು ಬೇರೆ. ಆಗಿನ ಎಫ್ಐಆರ್‌ನಲ್ಲಿ ಐಪಿಸಿ 510 ಕೂಡ ಇತ್ತು, ಸಾರ್ವಜನಿಕ ಜಾಗದಲ್ಲಿ ಕುಡಿದು ಅನುಚಿತವಾಗಿ ವರ್ತಿಸಿದ್ದಕ್ಕೆ. ಬ್ರಿಟಿಷರ ಕಾಲದ ಆ ಕಲಮಿನ ಶಿಕ್ಷೆ 24 ಗಂಟೆ ಸಜೆ ಅಥವಾ ಹತ್ತು ರೂಪಾಯಿ ದಂಡ. ಹತ್ತೇ ರೂಪಾಯಿ! ಈಗ ಭಾರತೀಯ ನ್ಯಾಯ ಸಂಹಿತೆಯ 355ರಲ್ಲಿ ಅದು ಸಾವಿರ ರೂಪಾಯಿಗೆ ಏರಿದೆ, ಸಮುದಾಯ ಸೇವೆಯನ್ನೂ ಸೇರಿಸಿದ್ದಾರೆ. ಗಂಭೀರ ಪ್ರಕರಣಗಳಲ್ಲಿ ಹಲ್ಲೆ, ಲೈಂಗಿಕ ಕಿರುಕುಳದ ಕಲಮುಗಳು, ವಿಮಾನ ನಿಯಮಗಳು ಜೊತೆಗೆ ಬರುತ್ತವೆ. ಆದರೆ ಇವುಗಳಲ್ಲಿ ಯಾವುದೂ ತಾನಾಗಿ ಶುರುವಾಗುವುದಿಲ್ಲ. ಯಾರಾದರೂ ಬರೆದು ಕೊಡಬೇಕು.

ಇಲ್ಲಿಗೆ ಪೈಲಟ್‌ಗೆ ಯಾಕೆ ಶಿಕ್ಷೆ ಅನ್ನುವ ಪ್ರಶ್ನೆಗೆ ಬರೋಣ. ವಿಮಾನ ಇಳಿದ 12 ಗಂಟೆಯೊಳಗೆ ಡಿಜಿಸಿಎಗೆ ವರದಿ ಹೋಗಬೇಕು. ಎಐ-102ರ ವಿಷಯ ಡಿಜಿಸಿಎಗೆ ಗೊತ್ತಾದದ್ದು ಒಂದು ತಿಂಗಳ ಮೇಲೆ. ಇಬ್ಬರೂ ಮಾತಾಡಿಕೊಂಡು ಬಗೆಹರಿಸಿಕೊಂಡಂತೆ ಕಂಡಿತು, ಅದಕ್ಕೇ ಇಳಿದಾಗ ಪೊಲೀಸರನ್ನು ಕರೆಯಲಿಲ್ಲ ಅನ್ನುವುದು ಕಂಪನಿಯ ಸಮಜಾಯಿಷಿ. ಹತ್ತೇ ದಿನ ಬಿಟ್ಟು, ಡಿಸೆಂಬರ್ 6ಕ್ಕೆ, ಪ್ಯಾರಿಸ್‌ನಿಂದ ದೆಹಲಿಗೆ ಬಂದ ಎಐ-142ರಲ್ಲೂ ಇಂಥದ್ದೇ ದೂರು. ಮಹಿಳೆಯೊಬ್ಬರು ಟಾಯ್ಲೆಟ್‌ಗೆ ಹೋಗಿದ್ದಾಗ ಅವರ ಸೀಟು, ಹೊದಿಕೆಯ ಮೇಲೆ ಒಬ್ಬ ಮೂತ್ರ ಮಾಡಿದ ಎಂದು. ಅಲ್ಲೂ ಕ್ಷಮಾಪಣೆ ಪತ್ರ ಬರೆಸಿಕೊಂಡು ಬಿಟ್ಟರು. ಅಲ್ಲೂ ವರದಿ ಹೋಗಲಿಲ್ಲ. ಅದಕ್ಕೆ 10 ಲಕ್ಷ ದಂಡ.

ರಾಜಿ ಯಾಕೆ ಆಗದು? ತೊಂದರೆಗೊಳಗಾದವರು ಹನ್ನೆರಡು ಗಂಟೆ ಅದೇ ಕೊಳವೆಯಲ್ಲಿ ಕೂತಿದ್ದಾರೆ. ಎದ್ದು ಹೋಗಲು ಜಾಗವಿಲ್ಲ. ಎದುರಿಗೆ ಒಬ್ಬ ಅಳುತ್ತಿದ್ದಾನೆ, ಹೆಂಡತಿ ಮಕ್ಕಳ ಹೆಸರು ಹೇಳುತ್ತಿದ್ದಾನೆ, ಸುತ್ತ ಯೂನಿಫಾರ್ಮ್ ಹಾಕಿದವರು ನಿಂತಿದ್ದಾರೆ. ಅಂಥ ಹೊತ್ತಿನಲ್ಲಿ ‘ಹೋಗಲಿ ಬಿಡಿ’ ಅನ್ನದೆ ಇರುವವರು ಎಷ್ಟು ಜನ? ಕ್ಷಮಿಸುವುದೋ ಬಿಡುವುದೋ ಅವರ ಸ್ವಂತ ವಿಚಾರ. ಆದರೆ ವರದಿ ಬರೆಯುವುದು ಸಂಸ್ಥೆಯ ಕರ್ತವ್ಯ, ಅದು ಅವರ ಕ್ಷಮೆಯ ಮೇಲೆ ನಿಂತದ್ದಲ್ಲ. 2017ರ ನಿಯಮವೇನೂ ‘ಪ್ರಯಾಣಿಕರು ಒಪ್ಪಿದರೆ ವರದಿ ಬೇಡ’ ಅಂತ ಹೇಳುವುದಿಲ್ಲ.

ಆ ಮಹಿಳೆ 2023ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ ಎಲ್ಲ ಸಂಸ್ಥೆಗಳಿಗೂ ಸ್ಪಷ್ಟ ನಿಯಮ ಮಾಡಿಸಿ ಎಂದು ಕೇಳಿದರು. 2024ರ ನವೆಂಬರಿನಲ್ಲಿ ವಿಚಾರಣೆ ನಡೆಸಿದ ಪೀಠದಲ್ಲಿದ್ದ ನ್ಯಾಯಮೂರ್ತಿ ಕೆ.ವಿ. ವಿಶ್ವನಾಥನ್ ತಮ್ಮ ಅನುಭವವನ್ನೇ ಹೇಳಿದರು. ಅವರಿದ್ದ ವಿಮಾನದಲ್ಲಿ ಇಬ್ಬರು ಪೂರ್ತಿ ಕುಡಿದಿದ್ದರಂತೆ. ಒಬ್ಬ ಟಾಯ್ಲೆಟ್ಟಿನೊಳಗೆ ಹೋಗಿ ನಿದ್ದೆ ಹೊಡೆದ, ಇನ್ನೊಬ್ಬ ಹೊರಗೆ ವಾಂತಿ ಚೀಲ ಹಿಡಿದು ನಿಂತಿದ್ದ. ಏನಾದರೂ ಹೊಸ ಉಪಾಯ ಬೇಕು, ಸೀಟು ಕೊಡುವಾಗಲೇ ಯೋಚಿಸಿ ಅಂತ ಪೀಠ ಸೂಚಿಸಿತು.

ನಿಮ್ಮ ಪಕ್ಕದಲ್ಲೇ ಇಂಥದ್ದು ನಡೆದರೆ ಮೊದಲು ಗುಂಡಿ ಒತ್ತಿ ಸಿಬ್ಬಂದಿಯನ್ನು ಕರೆಯಿರಿ, ನೀವೇ ವಾದಕ್ಕೆ ಇಳಿಯಬೇಡಿ. ಬೇರೆ ಸೀಟು ಕೇಳಿ. ಕ್ಯಾಬಿನ್ ಮೇಲ್ವಿಚಾರಕರ ಹೆಸರು, ಆತನ ಸೀಟ್ ನಂಬರ್, ಸಮಯ ಬರೆದಿಟ್ಟುಕೊಳ್ಳಿ. ಕ್ಯಾಪ್ಟನ್‌ಗೆ ತಿಳಿಸಿದ್ದೀರಾ, ಇಳಿಯುವಾಗ ಭದ್ರತಾ ಸಿಬ್ಬಂದಿ ಬಾಗಿಲಿಗೆ ಬರುತ್ತಾರಾ ಅಂತ ನೇರವಾಗಿ ಕೇಳಿ. ಆತನ ಕ್ಷಮೆ ಕೇಳಿಸಿಕೊಳ್ಳಲು ಇಷ್ಟವಿಲ್ಲದಿದ್ದರೆ ‘ಬೇಡ’ ಅನ್ನಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಒದ್ದೆಯಾದ ಬಟ್ಟೆಯನ್ನು ತೊಳೆಯದೆ ಚೀಲಕ್ಕೆ ಹಾಕಿಡಿ, ಅದು ಸಾಕ್ಷಿ. ಇಳಿದ ಮೇಲೆ ಮನೆಗೆ ಓಡುವ ಆತುರ ಎಲ್ಲರಿಗೂ ಇರುತ್ತದೆ. ಆದರೆ ಏರ್‌ಪೋರ್ಟ್ ಪೊಲೀಸರ ಮುಂದೆ ಹೇಳಿಕೆ ಕೊಟ್ಟು ಅದರ ಪ್ರತಿ ಪಡೆಯಲು ಒಂದೆರಡು ಗಂಟೆ ಇಟ್ಟುಕೊಳ್ಳಿ. ಪಕ್ಕದ ಸೀಟಿನಲ್ಲಿ ಕೂತು ಎಲ್ಲ ನೋಡಿದವರ ಫೋನ್ ನಂಬರನ್ನು ವಿಮಾನದ ಬಾಗಿಲು ತೆರೆಯುವ ಮೊದಲೇ ಕೇಳಿಡಿ. ಬ್ಯಾಗೇಜ್ ಬೆಲ್ಟಿನ ಹತ್ತಿರ ಹೋದ ಮೇಲೆ ಅವರು ಸಿಗುವುದಿಲ್ಲ.